ವೈನಿಯನ್ನು ಬಲಕ್ಕೆ ಹಾಕಿದ ನಕ್ಷೆ

ತಾನು ರಸ್ತೆಯ ಯಾವ ಬದಿಯಲ್ಲಿ ಗಾಡಿ ಹೊಡೆಯುತ್ತಿದ್ದೆ ಎಂಬುದು ಒಬ್ಬ ಹೆಂಗಸಿಗೆ ಗೊತ್ತಿರುವುದಿಲ್ಲ ಎಂದು ನಂಬಲು ನಮ್ಮ ಜನಕ್ಕೆ ಒಂದು ಹಾಳೆ ಸಾಕಾಯಿತು. ಆ ಹಾಳೆಯ ಮೇಲೆ ಬಣ್ಣಬಣ್ಣದ ಗೆರೆಗಳಿದ್ದವು, ಮೂಲೆಯಲ್ಲಿ ಉತ್ತರದ ಬಾಣವಿತ್ತು, ಕೆಳಗೆ ಒಂದು ಸೀಲು ಇತ್ತು. ಇಷ್ಟಿದ್ದರೆ ಮುಗಿಯಿತು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಎದುರಿಗೇ ಕುಳಿತಿರುವವಳ ಮಾತು ಯಾರಿಗೂ ಬೇಡ. ನೆನಪಾದಾಗಲೆಲ್ಲ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಅಂಥ ಹಾಳೆಗಳನ್ನು ಮಾಡುವುದೇ ನನ್ನ ಹೊಟ್ಟೆಪಾಡು ಎಂಬುದರಿಂದ ಉರಿ ಇನ್ನಷ್ಟು ಹೆಚ್ಚು.

ನಾನು ಬಾಗಲಕೋಟೆಯಲ್ಲಿ ಸರ್ವೆ ಕೆಲಸ ಮಾಡುತ್ತೇನೆ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಹಳದಿ ಯಂತ್ರ ಕೂರಿಸಿ, ದೂರದಲ್ಲಿ ಕೋಲು ಹಿಡಿದು ನಿಂತವರ ಕಡೆ ಒಂದು ಕಣ್ಣು ಮುಚ್ಚಿ ನೋಡುವವರನ್ನು ನೀವು ರಸ್ತೆ ಬದಿಯಲ್ಲಿ ಕಂಡಿರುತ್ತೀರಿ. ಆ ಯಂತ್ರಕ್ಕೆ ಟೋಟಲ್ ಸ್ಟೇಷನ್ ಎನ್ನುತ್ತಾರೆ. ಅದರ ಹಿಂದೆ ಹೆಂಗಸು ನಿಂತಿದ್ದರೆ ಜನ ಹತ್ತಿರ ಬಂದು, "ಆಪರೇಟರ್ ಎಲ್ಲಿ ಹೋಗ್ಯಾನ್ರಿ?" ಎಂದು ಕೇಳುತ್ತಾರೆ. ಹುನಗುಂದದಲ್ಲಿ ಕೇಳಿದ್ದಾರೆ, ಇಳಕಲ್ಲಿನಲ್ಲಿ ಕೇಳಿದ್ದಾರೆ, ನಾನು ಹುಟ್ಟಿ ಬೆಳೆದ ಬಾದಾಮಿಯಲ್ಲೂ ಕೇಳಿದ್ದಾರೆ. "ಚಹಾ ಕುಡ್ಯಾಕ ಹೋಗ್ಯಾನ್ರಿ, ಬರ್ತಾನ" ಎಂದು ಹೇಳಿ, ಕೆಲಸ ಮುಗಿಸಿ, ಯಂತ್ರ ಪೆಟ್ಟಿಗೆಗೆ ಹಾಕಿಕೊಂಡು ಬರುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ.

ಈ ಯಂತ್ರದ ಮೇಲೆ ಜನಕ್ಕಿರುವ ಭಕ್ತಿ ನೋಡಿದರೆ ನಗು ಬರುತ್ತದೆ. ಅದಕ್ಕೆ ತಾನು ಎಲ್ಲಿದ್ದೇನೆ ಎಂಬುದೇ ತಿಳಿದಿರುವುದಿಲ್ಲ. ಅದನ್ನು ನಾವೇ ಹೇಳಿಕೊಡಬೇಕು. ನೀನು ನಿಂತ ಜಾಗ ಉತ್ತರಕ್ಕೆ ಸಾವಿರ ಮೀಟರ್, ಪೂರ್ವಕ್ಕೆ ಸಾವಿರ ಮೀಟರ್. ಅಗೋ ಅಲ್ಲಿರುವ ಲೈಟಿನ ಕಂಬದ ದಿಕ್ಕು ಉತ್ತರ ಎಂದು ಹೇಳಿದರೆ ಅದು ತಲೆಯಾಡಿಸುತ್ತದೆ. ಯಾಕೆ ಸಾವಿರ ಎಂದರೆ, ಯಾವ ಕಡೆ ಎಷ್ಟು ಸರಿದರೂ ಅಂಕಿ ಸೊನ್ನೆಗಿಂತ ಕೆಳಗೆ ಇಳಿಯದಿರಲಿ ಎಂದು. ಅಲ್ಲಿಂದ ಮುಂದೆ ಮನೆ, ಗಿಡ, ಬಾವಿ, ರಸ್ತೆಯ ಅಂಚು ಎಲ್ಲವನ್ನೂ ಅದು ಆ ಸಾವಿರದಿಂದ ಅಳೆಯುತ್ತ ಹೋಗುತ್ತದೆ. ಉಪಗ್ರಹವನ್ನು ಕೇಳಿ ಭೂಮಿಯ ಮೇಲಿನ ನಿಜವಾದ ಜಾಗ ಹೇಳುವ ಯಂತ್ರಗಳೂ ಬಂದಿವೆ, ಆದರೆ ಸಣ್ಣ ಕೆಲಸಕ್ಕೆ ಯಾರೂ ಆ ತ್ರಾಸು ತೆಗೆದುಕೊಳ್ಳುವುದಿಲ್ಲ. ನಾನೇ ಈ ಜಿಲ್ಲೆಯ ತುಂಬ ಸಾವಿರಗಳನ್ನು ನೆಟ್ಟುಕೊಂಡು ಬಂದಿದ್ದೇನೆ. ಇಳಕಲ್ಲಿನ ಕೆಂಪುಕಲ್ಲಿನ ಗಣಿಯ ಪಕ್ಕ ಒಂದು, ಹುನಗುಂದದ ಸಂತೆಯ ಬಯಲಿನಲ್ಲಿ ಒಂದು, ಗುಳೇದಗುಡ್ಡದಲ್ಲಿ ಮಗ್ಗದ ಮನೆಯ ಮುಂದೆ ಒಂದು. ಯಂತ್ರದ ಲೆಕ್ಕಕ್ಕೆ ಅವೆಲ್ಲ ಒಂದೇ ಜಾಗ. ಇದರಲ್ಲಿ ತಪ್ಪೇನೂ ಇಲ್ಲ, ಕೆಲಸ ನಡೆಯುತ್ತದೆ. ಆದರೆ ಇಂಥದ್ದನ್ನು ದೇವರ ಅಪ್ಪಣೆ ಎಂಬಂತೆ ಕಣ್ಣಿಗೆ ಒತ್ತಿಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಬಾದಾಮಿಯಲ್ಲಿ ನನ್ನ ಅಣ್ಣನ ಮನೆ. ಅವ್ವ ಅಲ್ಲೇ ಇರುತ್ತಾಳೆ. ಅಣ್ಣನ ಹೆಂಡತಿ, ಅಂದರೆ ನನ್ನ ವೈನಿ, ಗುಳೇದಗುಡ್ಡದಿಂದ ಖಣದ ಬಟ್ಟೆ ತರಿಸಿ ಕುಪ್ಪಸ ಹೊಲಿಯುತ್ತಾಳೆ. ಕತ್ತರಿಸಿ ಹೊಲಿಯುವುದು ತಾನೇ. ಹುಕ್ಕು ಹಚ್ಚಿ ಕೈಹೊಲಿಗೆ ಹಾಕಲು ಮಾತ್ರ ಚೊಳಚಗುಡ್ಡದ ಕೆಲವು ಹೆಣ್ಣುಮಕ್ಕಳಿಗೆ ಕೊಡುತ್ತಾಳೆ. ವಾರಕ್ಕೆ ಮೂರ್ನಾಲ್ಕು ಸಲ ಸ್ಕೂಟಿಯ ಮುಂದೆ ಗಂಟು ಇಟ್ಟುಕೊಂಡು ಹೋಗಿ ಬರುವುದು ಅವಳ ರೂಢಿ. ಆ ದಿನ ಅವ್ವನೂ ಅದೇ ದಾರಿಯಲ್ಲಿರುವ ಬನಶಂಕರಿ ಗುಡಿಗೆ ಹೋಗಬೇಕೆಂದು ಹಟ ಹಿಡಿದು ಹಿಂದೆ ಕುಳಿತಿದ್ದಳು.

ಚೊಳಚಗುಡ್ಡಕ್ಕೆ ಇನ್ನೂ ಸ್ವಲ್ಪ ದೂರ ಇರುವಾಗ ಬೀರಪ್ಪನ ಒಂದು ಸಣ್ಣ ಗುಡಿ ಬರುತ್ತದೆ. ಅಲ್ಲಿ ರಸ್ತೆ ಬಲಕ್ಕೆ ತಿರುಗುತ್ತದೆ. ಎದುರಿನಿಂದ ಜಲ್ಲಿಕಲ್ಲಿನ ಖಡಿ ತುಂಬಿದ ಟಿಪ್ಪರ್ ಬಂತು, ಡಿಕ್ಕಿ ಆಯಿತು. ವೈನಿಯ ಕಾಲು ಎರಡು ಕಡೆ ಮುರಿಯಿತು. ಅವ್ವನ ಸೊಂಟಕ್ಕೆ ಪೆಟ್ಟು ಬಿತ್ತು. ಸುಡು ಮಧ್ಯಾಹ್ನ, ರಸ್ತೆಯ ಮೇಲೆ ನರಪಿಳ್ಳೆ ಇರಲಿಲ್ಲ. ಸದ್ದು ಕೇಳಿ ಓಡಿ ಬಂದವರು ಇಬ್ಬರನ್ನೂ ದವಾಖಾನೆಗೆ ಸಾಗಿಸಿದರು, ಸ್ಕೂಟಿಯನ್ನು ಎಳೆದು ಬದಿಗೆ ಹಾಕಿದರು. ಫೋಟೋ ಹೊಡೆದುಕೊಂಡವರಿಗೇನೂ ಕಡಿಮೆ ಇರಲಿಲ್ಲ. ಒಡೆದ ಗಾಡಿ, ರಕ್ತ, ಚೆಲ್ಲಿದ ಖಣ, ಎಲ್ಲವೂ ಹತ್ತಿರದಿಂದ ತೆಗೆದವು. ಯಾವುದರಲ್ಲೂ ರಸ್ತೆಯ ಎಡಬಲ ತಿಳಿಯುವಂತಿರಲಿಲ್ಲ.

ಟಿಪ್ಪರಿನ ಚಾಲಕ ಹೇಳಿಕೆ ಕೊಟ್ಟ: ಆಕೆಯೇ ತನ್ನ ಬದಿ ಬಿಟ್ಟು ನನ್ನ ಮುಂದೆ ಬಂದಳು. ವೈನಿ ಹೇಳಿದಳು: ನಾನು ಎಡಕ್ಕೇ ಇದ್ದೆ, ಅವನೇ ತಿರುವಿನಲ್ಲಿ ಜೋರಾಗಿ ಬಂದು ನನ್ನ ಮೇಲೆ ಏರಿಸಿದ. ಯಾರ ಮಾತು ಖರೆ ಎಂದು ಹೇಳಲು ಯಂತ್ರವಿತ್ತು. ದೊಡ್ಡ ಅಪಘಾತಗಳ ಜಾಗವನ್ನು ಅಳೆದು ನಕ್ಷೆ ಮಾಡಿಕೊಡಲು ಪೊಲೀಸರು ಒಂದು ಖಾಸಗಿ ಏಜೆನ್ಸಿಯವರನ್ನು ಕರೆಸಿದ್ದರು. ಅವರು ಅವತ್ತೇ ಬಂದು ಗಾಜಿನ ಚೂರು ಎಲ್ಲಿ, ಡಾಂಬರಿನ ಮೇಲೆ ಗೀರು ಎಲ್ಲಿ ಶುರುವಾಗಿದೆ, ಟಿಪ್ಪರ್ ಎಲ್ಲಿ ನಿಂತಿದೆ ಎಂದೆಲ್ಲ ಅಳೆದುಕೊಂಡು ಹೋಗಿದ್ದರು. ಸ್ಥಳಕ್ಕೆ ಬಂದಿದ್ದ ಅಧಿಕಾರಿಗೆ ಅಷ್ಟರಲ್ಲಿ ವರ್ಗವಾಯಿತು. ಹೊಸಬರು ನಕ್ಷೆ ನೋಡಿದರು, ಜಾಗ ನೋಡಲಿಲ್ಲ. ನಕ್ಷೆಯಲ್ಲಿ ವೈನಿಯ ಗಾಡಿ ಬಲಬದಿಯಲ್ಲಿತ್ತು. ಕೇಸು ವೈನಿಯ ಮೇಲೆಯೇ ಬಿತ್ತು.

ಅವ್ವ ಸುಮ್ಮನಿರಲಿಲ್ಲ. ಸೀರೆ ಉಟ್ಟ ಹೆಂಗಸರು ಹಿಂದಿನ ಸೀಟಿನಲ್ಲಿ ಹೇಗೆ ಕೂರುತ್ತಾರೆ ಎಂದು ಎಲ್ಲರಿಗೂ ಗೊತ್ತು, ಎರಡೂ ಕಾಲು ಎಡಕ್ಕೆ ಇಳಿಬಿಟ್ಟು, ಮುಖವನ್ನೂ ಎಡಕ್ಕೆ ಮಾಡಿ. ವಿಚಾರಣೆಗೆ ದವಾಖಾನೆಗೆ ಬಂದ ಪೊಲೀಸರಿಗೆ ಅವ್ವ ಹೇಳಿದಳು, "ಜಾಲಿ ಕಂಟಿ ನನ್ನ ಮೊಣಕಾಲಿಗೆ ತರಚತಿತ್ತರಿ. ಅಷ್ಟ ಅಂಚಿಗೆ ಹೊಂಟಿದ್ಲು ಅಕಿ. ಏ, ಒಂಚೂರು ಒಳಗ ತಗೋ, ಮುಳ್ಳು ಬಡೀತಾವು ಅಂತ ನಾನ ಅಂದೆ. ಅನ್ನೂದ್ರಾಗ ಅಂವ ಬಂದ ಬಡದಾ."

ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ? ಗಾಡಿ ಬಲಬದಿಯಲ್ಲಿ ಹೋಗುತ್ತಿದ್ದರೆ ಅವ್ವನ ಮೊಣಕಾಲ ಮುಂದೆ ಡಾಂಬರು ಇರಬೇಕು, ಜಾಲಿ ಅಲ್ಲ. ಆದರೆ ಬಂದವರು ಹೇಳಿದ್ದು ಇದು: "ನೋಡ್ರಿ ಯಜಮಾನ್ತಿ, ನೀವ ಒಳಗ ತಗೋ ಅಂದೀರಿ. ಅಕ್ಕಾರು ಗಾಬರ್‍ಯಾಗಿ ಪೂರಾ ಬಲಕ್ಕ ತಗೊಂಡಾರ. ನಕ್ಷಿಗೆ ಬರೋಬ್ಬರಿ ಕೂಡತೈತಿ."

ಸೊಸೆಯನ್ನು ಉಳಿಸಲು ಹೇಳಿದ ಮಾತು ಸೊಸೆಯ ಕುತ್ತಿಗೆಗೇ ಬಂತು. ಅವತ್ತಿನಿಂದ ಅವ್ವ ಆ ವಿಷಯದಲ್ಲಿ ಬಾಯಿ ಹೊಲಿದುಕೊಂಡಳು. ನಾನು ಕೇಳಿದರೂ, "ನಾ ಏನ ಅಂದ್ರ ಏನ ಆಗತೈತೋ ಯವ್ವಾ, ನನ್ನ ಕೇಳಬ್ಯಾಡ" ಎನ್ನುತ್ತಿದ್ದಳು.

ಮನೆಯಲ್ಲಿ ನಡೆದದ್ದು ಇನ್ನೂ ಕೆಟ್ಟದ್ದು. ಬೀಗರು ಬಿಜ್ಜರು ಬಾಳೆಹಣ್ಣು, ಬಿಸ್ಕಿಟು ಹಿಡಿದುಕೊಂಡು ನೋಡಲು ಬರುವರು. ಅವ್ವನ ಹಾಸಿಗೆಯ ಹತ್ತಿರ ಲೊಚಗುಟ್ಟಿ, ವೈನಿಯ ಹಾಸಿಗೆಯ ಹತ್ತಿರ ಬುದ್ಧಿ ಹೇಳಿ ಹೋಗುವರು. ಹೆಂಗಸರಿಗೆ ಗಾಡಿ ಯಾಕೆ ಬೇಕು, ಬಸ್ಸು ಇಲ್ಲವೇ, ಟಂಟಂ ಇಲ್ಲವೇ, ಮುದುಕಿಯನ್ನು ಹಿಂದೆ ಕೂರಿಸಿಕೊಂಡಾಗಲಾದರೂ ನೆಟ್ಟಗೆ ಹೋಗಬಾರದೇ. ಹೀಗೆ ಹೇಳಿದವರಲ್ಲಿ ಕುಡಿದು ಬೈಕು ಹೊಡೆದು ಎರಡು ಸಲ ಚರಂಡಿಗೆ ಬಿದ್ದವರೂ ಇದ್ದರು. ಅಣ್ಣ ಎಲ್ಲರೆದುರು, "ಗಾಡಿ ಕಲಿಸಿದ್ದ ನನ್ನ ತಪ್ಪು" ಎನ್ನುತ್ತಿದ್ದ. ಅದನ್ನು ಅವನು ದೊಡ್ಡತನ ಎಂದು ತಿಳಿದಿದ್ದ. ವೈನಿ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು.

ನಕ್ಷೆ ನೋಡಬೇಕು ಎಂದು ನಾನು ಮೊದಲಿನಿಂದಲೂ ಕೇಳುತ್ತಿದ್ದೆ. ಕೋರ್ಟಿಗೆ ಹೋಗುವ ತನಕ ನಕಲು ಕೊಡುವುದಿಲ್ಲ ಎಂದು ಠಾಣೆಯಲ್ಲಿ ಹೇಳಿದರು. ಕೋರ್ಟಿಗೆ ಹೋದ ಮೇಲೆ ನಕಲು ವಕೀಲರ ಕೈ ಸೇರಿತು. ಅವರು ಅದನ್ನು ನೋಡಿದ್ದೇ, ಹೋರಾಡಿ ಪ್ರಯೋಜನವಿಲ್ಲ, ತಪ್ಪು ಒಪ್ಪಿಕೊಂಡು ದಂಡ ಕಟ್ಟಿ ಕೈತೊಳೆದುಕೊಳ್ಳಿ ಎಂದರಂತೆ. ಅಣ್ಣನಿಗೆ ಅದೇ ಬೇಕಾಗಿತ್ತು. ಫೋನಿನಲ್ಲಿ ನನಗೆ, "ಮುಂದಿನ ತಾರೀಖಿಗೆ ಅಕಿ ಹೋಗಿ ಒಪ್ಪಕೊಂಡ ಬರ್ತಾಳ. ಮುಗಸೂಣು" ಎಂದ.

"ನಕ್ಷಿ ನನಗೊಂದ ಸಲ ತೋರಸು."

"ವಕೀಲರು ನೋಡ್ಯಾರ, ಸಾಹೇಬ್ರು ನೋಡ್ಯಾರ. ಅದರಾಗ ನೀ ಏನ್ ಹೊಸಾದ್ ನೋಡ್ತಿ?"

ನನ್ನ ಪಿತ್ತ ನೆತ್ತಿಗೇರಿತು. ಊರಿನವರ ಹೊಲ ಮನೆಗಳನ್ನು ಅಳೆದು ನಕ್ಷೆ ಮಾಡಿಕೊಡುವವಳು ನಾನು, ಒಡಹುಟ್ಟಿದವನಿಗೆ ನಾನು ಏನು ನೋಡುತ್ತೇನೆ ಎಂಬ ಸಂಶಯ. ಮಾರನೆಯ ದಿನವೇ ಬಾದಾಮಿಯ ಬಸ್ಸು ಹತ್ತಿದೆ.

ವೈನಿ ಮಂಚದ ಮೇಲೆ ಕುಳಿತು ಕುಪ್ಪಸದ ತೋಳಿನ ಹೊಲಿಗೆ ಬಿಚ್ಚುತ್ತಿದ್ದಳು. ನೀನು ನಿಜಕ್ಕೂ ಒಪ್ಪಿಕೊಳ್ಳುತ್ತೀಯಾ ಎಂದು ಕೇಳಿದೆ. ಅವಳು ಬಿಚ್ಚಿದ ದಾರವನ್ನು ಎಳೆದು ತೆಗೆದಳು. ಆಮೇಲೆ ಹೇಳಿದಳು, "ಮೊದಲ ನನಗ ಪಕ್ಕಾ ಗೊತ್ತಿತ್ತು, ನಾ ಎಡಕ್ಕ ಇದ್ದೆ ಅಂತ. ಈಗ ಕಣ್ಣ ಮುಚ್ಚಿದ್ರ ಆ ನಕ್ಷಿನ ಕಾಣತೈತಿ. ನಂದ ತಪ್ಪಿರಬೇಕು ತಗೋ. ಇಷ್ಟ ಮಂದಿ ಸುಳ್ಳ ಹೇಳ್ತಾರೇನು? ಅತ್ತಿಯವರ ಸೊಂಟಾ ಮುರದಾಕಿ ನಾನ."

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ದಂಡ ಹೋಗಲಿ, ಕೋರ್ಟು ಹೋಗಲಿ. ಒಬ್ಬಳ ಕಣ್ಣು ಕಂಡದ್ದನ್ನು ಅವಳ ತಲೆಯಿಂದಲೇ ಕಿತ್ತು ಹಾಕಿ ಅಲ್ಲಿ ಒಂದು ಹಾಳೆ ಅಂಟಿಸಿಬಿಟ್ಟಿದ್ದರು.

ವಕೀಲರು ಅಣ್ಣನಿಗೆ ಕೊಟ್ಟಿದ್ದ ನಕ್ಷೆಯನ್ನು ಅವನ ಕೈಯಿಂದ ಕಸಿದುಕೊಂಡು ಮೇಜಿನ ಮೇಲೆ ಹರವಿದೆ. ಗೆರೆಗಳು ಅಚ್ಚುಕಟ್ಟಾಗಿದ್ದವು. ಒಂದು ತುದಿಗೆ ಬಾದಾಮಿ ಕಡೆಗೆ, ಇನ್ನೊಂದು ತುದಿಗೆ ಚೊಳಚಗುಡ್ಡ ಕಡೆಗೆ ಎಂದು ಬರೆದಿತ್ತು. ನಡುವೆ ಎರಡು ಚೌಕಗಳು, ಗೀರು ಶುರುವಾದಲ್ಲಿ ಸ್ಕೂಟಿ, ಅದರ ಎದುರು ಟಿಪ್ಪರ್. ನೋಡಿದವರೆಲ್ಲ ಆ ಎರಡು ಚೌಕಗಳನ್ನಷ್ಟೇ ನೋಡಿದ್ದರು. ನಾನು ನನ್ನ ರೂಢಿಯಂತೆ ಅಂಚಿನಲ್ಲಿದ್ದ ಸಣ್ಣ ಅಕ್ಷರದ ಗುರುತುಗಳನ್ನು ನೋಡಿದೆ. ವಿದ್ಯುತ್ ಕಂಬ, ಗಿಡ, ಗುಡಿ, ಇವನ್ನೆಲ್ಲ ನಾವು ಎರಡು ಮೂರು ಅಕ್ಷರಗಳಲ್ಲಿ ಗುರುತು ಹಾಕುತ್ತೇವೆ. ಬಾದಾಮಿಯ ತುದಿಯನ್ನು ನನ್ನ ಕಡೆ ಮಾಡಿಕೊಂಡು ನೋಡಿದರೆ ಗುಡಿಯ ಗುರುತು ರಸ್ತೆಯ ಎಡಕ್ಕಿತ್ತು. ತಿರುವು ಕೂಡ ಎಡಕ್ಕೆ ಹೊರಳಿತ್ತು.

ಬೀರಪ್ಪನ ಗುಡಿ ಬಲಕ್ಕಿದೆ. ನಾನು ಹುಟ್ಟುವ ಮೊದಲಿನಿಂದ ಬಲಕ್ಕೇ ಇದೆ. ಬನಶಂಕರಿಗೆ ಹೋಗುವಾಗಲೆಲ್ಲ ಆ ಕಡೆಗೇ ಕೈಮುಗಿದಿದ್ದೇವೆ. ಆದರೂ ಮನಸ್ಸಿಗೆ ಸಮಾಧಾನವಿರಲೆಂದು ಆಟೋ ಮಾಡಿಕೊಂಡು ಹೋಗಿ ನೋಡಿ ಬಂದೆ. ದೇವರು ಇದ್ದಲ್ಲೇ ಇದ್ದ. ಎಡಕ್ಕೆ, ರಸ್ತೆಯ ಅಂಚಿಗೆ ತಾಗಿ, ಅವ್ವನ ಮೊಣಕಾಲು ತರಚಿದ ಜಾಲಿಯೂ ಇತ್ತು.

ಏನಾಗಿದೆ ಎಂದು ನನಗೆ ಆಗಲೇ ಹೊಳೆದಿತ್ತು. ಯಂತ್ರ ಪ್ರತಿಯೊಂದು ಬಿಂದುವಿಗೂ ಮೊದಲು ಉತ್ತರದ ಅಂಕಿ ಕೊಡುತ್ತದೆ, ಆಮೇಲೆ ಪೂರ್ವದ ಅಂಕಿ. ನಕ್ಷೆ ಬಿಡಿಸುವ ಕಂಪ್ಯೂಟರ್ ಮೊದಲು ಅಡ್ಡದ ಅಂಕಿ ಕೇಳುತ್ತದೆ, ಅಂದರೆ ಪೂರ್ವದ್ದು. ಆಮೇಲೆ ಮೇಲಕ್ಕೆ ಹೋಗುವ ಅಂಕಿ, ಅಂದರೆ ಉತ್ತರದ್ದು. ಹಾಕುವವರು ಅದಲುಬದಲು ಮಾಡಬೇಕು. ಮರೆತರೆ ಕಂಪ್ಯೂಟರ್ ಕೇಳುವುದಿಲ್ಲ, ಕನ್ನಡಿಯಲ್ಲಿ ಕಂಡಂತೆ ಎಡವನ್ನು ಬಲ ಮಾಡಿ ಇಡೀ ಜಾಗವನ್ನು ಬಿಡಿಸಿಕೊಡುತ್ತದೆ. ನಮ್ಮ ಕಸುಬಿನಲ್ಲಿ ಇದು ಎಲ್ಲರಿಗೂ ಗೊತ್ತಿರುವ ಎಡವಟ್ಟು. ಇಳಕಲ್ಲಿನಲ್ಲಿ ಒಬ್ಬರ ಪ್ಲಾಟಿನ ನಕ್ಷೆ ಹೀಗೆ ಮಗುಚಿಕೊಂಡು ಬಂದಾಗ ಮಾಲಕ ನೋಡಿದ ಕೂಡಲೇ, "ನಮ್ಮ ಬಾವಿ ಬಾಜೂದವರ ಕಡಿಗೆ ಯಾವಾಗ ಹೋತರಿ?" ಎಂದು ನಕ್ಕಿದ್ದ, ಅಲ್ಲಿಯೇ ತಿದ್ದಿ ಕೊಟ್ಟಿದ್ದರು. ಜಾಗಕ್ಕೆ ಮಾಲಕನಿದ್ದರೆ ಅವನು ಕೇಳುತ್ತಾನೆ. ರಸ್ತೆಗೆ ಯಾವ ಮಾಲಕ?

ಏಜೆನ್ಸಿಯ ಕಚೇರಿ ಬಾಗಲಕೋಟೆಯಲ್ಲೇ ಇತ್ತು. ಅದನ್ನು ನಡೆಸುವವರು ನನಗೆ ಕುರ್ಚಿ ಕೊಟ್ಟರು, ಚಹಾ ಹೇಳಿದರು, ನಾನು ಬಂದ ಕೆಲಸ ತಿಳಿದ ಮೇಲೆ ಮುಖ ಗಂಟಿಕ್ಕಿದರು.

"ನಮ್ಮ ಮಷೀನ್ ಎಂಥಾದ್ದು ಗೊತ್ತೈತೇನ್ರಿ ಮೇಡಂ? ಮಿಲಿಮೀಟರ್ ಫರಕ ಬರಂಗಿಲ್ಲ. ಮ್ಯಾಲ ಟೇಪ್ ಹಿಡದು ಚೆಕ್ ಮಾಡೇವಿ. ರಸ್ತಿ ಅಗಲ, ಗೀರಿಗೂ ಟಿಪ್ಪರಿಗೂ ನಡುವಿನ ಅಂತರ, ಎಲ್ಲಾ ಕೂಡೈತಿ."

"ಕನ್ನಡಿ ಮುಂದ ನಿಂತ್ರ ನಿಮ್ಮ ಎತ್ತರ ಕಡಿಮಿ ಆಗತೈತೇನ್ರಿ?" ಎಂದೆ. "ಅಂತರ ಎಲ್ಲಾ ಕೂಡತೈತಿ. ಎಡಬಲ ಅಷ್ಟ ತಿರಗತೈತಿ. ಮಷೀನಿನಾಗಿನ ಮೂಲ ಅಂಕಿ ತಗೀರಿ, ಈ ನಕ್ಷಿಗೆ ಹಾಕಿದ ಅಂಕಿ ತಗೀರಿ. ಎರಡೂ ಬಾಜೂಬಾಜೂ ಇಡ್ರಿ."

ಅವರು ಕಂಪ್ಯೂಟರಿನಲ್ಲಿ ಎರಡನ್ನೂ ತೆಗೆದು ನೋಡಿದರು. ಮತ್ತೆ ನೋಡಿದರು. ಚಹಾ ಬಂತು, ಅವರೂ ಕುಡಿಯಲಿಲ್ಲ, ನಾನೂ ಕುಡಿಯಲಿಲ್ಲ. ಕೊನೆಗೆ ಕುರ್ಚಿಗೆ ಒರಗಿ ಹೇಳಿದರು, "ಸಣ್ಣ ಮಿಸ್ಟೇಕ್ ಆಗೇತ್ರಿ. ಎರಡ ಕಾಲಂ ಹಿಂದ ಮುಂದ ಆಗ್ಯಾವು. ಹೊಸಾ ಪ್ರಿಂಟ್ ತಗದ ಕೊಡ್ತೇವಿ."

ಸಣ್ಣದಂತೆ. ಒಬ್ಬಳು ತಾನು ಮಾಡದ ತಪ್ಪನ್ನು ಕೋರ್ಟಿನಲ್ಲಿ ನಿಂತು ಒಪ್ಪಿಕೊಳ್ಳಲು ತಯಾರಾಗಿದ್ದಾಳೆ, ಅತ್ತೆಯ ಮುಖ ನೋಡಲು ನಾಚುತ್ತಿದ್ದಾಳೆ, ಇವರಿಗೆ ಎರಡು ಕಾಲಂ. ಬಾದಾಮಿಗೆ ಬಂದು ಈ ಮಾತನ್ನು ನಮ್ಮ ವೈನಿಗೆ ನೀವೇ ಹೇಳಿ ಎಂದೆ. "ಅದೆಲ್ಲಾ ನಮ್ಮ ಕೆಲಸದಾಗ ಬರಂಗಿಲ್ಲರಿ" ಎಂದರು. ಹಾಗಿದ್ದರೆ ಬರೆದುಕೊಡಿ ಎಂದು ಪಟ್ಟು ಹಿಡಿದು ಕುಳಿತೆ. ತಮ್ಮಿಂದ ತಪ್ಪಾಗಿದೆ ಎಂದು ಸೀಲು ಹಾಕಿ ಕೊಡುವ ತನಕ ಮೇಲೇಳಲಿಲ್ಲ.

ಠಾಣೆಯಲ್ಲಿ ಹೊಸ ಅಧಿಕಾರಿ ಕೆಟ್ಟವರೇನಲ್ಲ, ಅವಸರದವರು. ಕಾಗದ ಇಟ್ಟು ಹೋಗಿ, ನೋಡುತ್ತೇವೆ ಎಂದರು. ನಾನು ಹೋಗಲಿಲ್ಲ.

"ಸಾಹೇಬ್ರ, ಚೊಳಚಗುಡ್ಡದ ರಸ್ತಿಲೆ ಅಡ್ಡಾಡ್ತೀರಿ ಹೌದಲ್ರಿ? ಇಲ್ಲಿಂದ ಹೊಂಟ್ರ ಬೀರಪ್ಪನ ಗುಡಿ ಯಾವ ಕಡಿ ಬರತೈತಿ?"

"ಬಲಕ್ಕ."

"ನಿಮ್ಮ ನಕ್ಷಿಯೊಳಗ ಹುಡಕ್ರಿ."

ಗುಡಿಯ ಗುರುತಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಹಾಳೆಯನ್ನು ಹೀಗೆ ತಿರುಗಿಸಿದರು, ಹಾಗೆ ತಿರುಗಿಸಿದರು, ತಲೆಕೆಳಗು ಮಾಡಿದರು. ಬಾದಾಮಿಯಿಂದ ಹೊರಟವರಿಗೆ ಗುಡಿ ಎಡಕ್ಕೇ ಬರುತ್ತಿತ್ತು. ಆಗ ನಾನು ಹಾಳೆ ಇಸಿದುಕೊಂಡು, ಹಿಂಬದಿಯನ್ನು ಅವರ ಕಡೆ ಮಾಡಿ ಕಿಟಕಿಯ ಗಾಜಿಗೆ ಒತ್ತಿ ಹಿಡಿದೆ. ಬಿಸಿಲಿಗೆ ಗೆರೆಗಳು ಹಿಂದಿನಿಂದ ಮೂಡಿದವು. ಗುಡಿ ಬಲಕ್ಕೆ ಬಂತು, ತಿರುವು ಬಲಕ್ಕೆ ಹೊರಳಿತು. ಸ್ಕೂಟಿ ಎಡದ ಅಂಚಿನಲ್ಲಿತ್ತು, ಟಿಪ್ಪರ್ ತನ್ನ ಬದಿ ಬಿಟ್ಟು ಅದರ ಮೇಲೆ ಬಂದಿತ್ತು. ಅವರು ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು. "ಆ ಅಜ್ಜಿ ಜಾಲಿ ಕಂಟಿ ಅಂದಿದ್ರಲ್ಲ" ಎಂದರು. ಅಂದಿದ್ದಳು. ಯಾರು ಕೇಳಿಸಿಕೊಂಡರು?

ಕೋರ್ಟಿಗೆ ಹೊಸ ವರದಿ ಹೋಯಿತು, ವೈನಿಯ ಮೇಲಿನ ಕೇಸು ಬಿದ್ದುಹೋಯಿತು. ಹೊಸ ನಕ್ಷೆಯ ಮೂಲೆಯಲ್ಲಿ ಪರಿಷ್ಕೃತ ಎಂದು ಬರೆದಿತ್ತು. ಎಂಥ ಚಂದದ ಮಾತು. ತಪ್ಪಾಯಿತು ಎನ್ನಲು ನಾಲಿಗೆ ಹೊರಳದವರಿಗೆ ಹೇಳಿ ಮಾಡಿಸಿದಂತಿದೆ.

ಆ ನಕ್ಷೆ ಹಿಡಿದುಕೊಂಡು ಅಣ್ಣ ಮನೆಗೆ ಬಂದಾಗ ನಾನು ಅಲ್ಲೇ ಇದ್ದೆ. ಅಮೀನಗಡದ ಕರದಂಟಿನ ಪೊಟ್ಟಣ ತಂದಿದ್ದ. ಬಾಗಿಲಲ್ಲೇ ಇಬ್ಬರು ಬೀಗರಿಗೆ ಫೋನು ಮಾಡಿ, "ನಮ್ಮಾಕಿದು ಏನೂ ತಪ್ಪಿಲ್ಲ, ನಕ್ಷಿ ಬಂದೈತಿ" ಎಂದು ದೊಡ್ಡ ದನಿಯಲ್ಲಿ ಹೇಳಿದ. ಅವ್ವನಿಗೆ ಒಂದು ಕರದಂಟು ಕೊಟ್ಟು, ವೈನಿಯ ಮಂಚದ ಮೇಲೆ ಹಾಳೆ ಹರವಿ, ಬೆರಳಿನಿಂದ ತೋರಿಸತೊಡಗಿದ. "ನೋಡು, ಇದು ರಸ್ತಿ. ಇದು ಗುಡಿ. ನೀ ಇಲ್ಲಿದ್ದಿ, ಎಡಕ್ಕ. ಕಂಡ್ತೇನು?"

ವೈನಿ ಹಾಳೆಯನ್ನು ನೋಡಲಿಲ್ಲ. ಅವನ ಮುಖವನ್ನೇ ನೋಡಿದಳು.

"ನಾ ಎಲ್ಲಿದ್ದೆ ಅಂತ ನನಗ ತೋರಸ್ತೀರೇನು?" ಎಂದಳು. ದನಿ ಏರಿಸಲಿಲ್ಲ. "ಮೊದಲನೇ ನಕ್ಷಿ ನಂದ ತಪ್ಪು ಅಂತು, ಅದನ್ನ ನಂಬಿದ್ರಿ. ಈಗಿಂದು ತಪ್ಪಿಲ್ಲ ಅಂತು, ಇದನ್ನೂ ನಂಬಿದ್ರಿ. ನಾಳೆ ಮೂರನೇದ್ದೊಂದು ಬಂದ್ರ ಅದನ್ನೂ ನಂಬ್ತೀರಿ. ಹದಿನಾಲ್ಕ ವರ್ಷ ನಿಮ್ಮ ಜೋಡಿ ಬಾಳೇ ಮಾಡೇನಿ. ನನ್ನ ಮಾತು ಯಾವಾಗ ನಂಬ್ತೀರಿ?"

ಅಣ್ಣನ ಬೆರಳು ಇನ್ನೂ ಹಾಳೆಯ ಮೇಲೇ ಇತ್ತು. ಅವನು ನನ್ನ ಕಡೆ ನೋಡಿದ. ನಾನು ಹಾಳೆಯನ್ನು ಅವನ ಬೆರಳ ಕೆಳಗಿನಿಂದ ಎಳೆದು, ಮಡಚಿ, ಅವನ ಕೈಗೇ ಕೊಟ್ಟೆ.